ನಾನು ಗೆರೆ ಎಳೆದ ಪುಸ್ತಕ

ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟಿಗೆ ಬರುವ ಮುಂಚೆ ನಾನು ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯ ಗೇಟಿನಲ್ಲಿ ಆರು ವರ್ಷ ನಿಂತಿದ್ದೆ. ಶಿಫ್ಟು ಬಿಟ್ಟಾಗ ಹೊರಬರುವ ಹೆಂಗಸರ ಚೀಲ ತಡವುವುದು, ಊಟದ ಡಬ್ಬಿ ಬಿಚ್ಚಿಸಿ ನೋಡುವುದು, ನಡುವೆ ಹೊರಗೆ ಹೋಗುವವರ ಹೆಸರು, ವಿಭಾಗ, ಹೋದ ಹೊತ್ತು, ಬಂದ ಹೊತ್ತು ಬರೆಯಿಸುವುದು ನನ್ನ ಕೆಲಸ. ಒಳಗಿನ ಸಾಮಾನು ಹೊರಗೆ ಹೋಗಬಾರದು, ಅಷ್ಟೆ. ಮನುಷ್ಯರು ಹೇಗಾದರೂ ಹೋಗಲಿ, ನಟ್ಟು ಬೋಲ್ಟು ಹೋಗಬಾರದು. ಆ ಆರು ವರ್ಷದಲ್ಲಿ ನನ್ನ ತಲೆಯಲ್ಲಿ ಒಂದೇ ಮಾತು ಅಚ್ಚೊತ್ತಿಬಿಟ್ಟಿತ್ತು. ಬರೆದಿಟ್ಟದ್ದು ಕಳೆದುಹೋಗುವುದಿಲ್ಲ.

ಆ ನಂಬಿಕೆಯನ್ನು ಟಿಫನ್ ಡಬ್ಬಿಯ ಜೊತೆಗೇ ಹಾಸ್ಟೆಲಿಗೂ ಹೊತ್ತು ತಂದೆ. ಕೆಸರೆಯ ನಮ್ಮ ಮನೆಯಿಂದ ಎರಡು ಬಸ್ಸು ಹಿಡಿದು ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ನಿಂತರೆ ರಾತ್ರಿ ಎಂಟಕ್ಕೆ ಮುಂದಿನವರು ಬರುವವರೆಗೆ ನಾನೇ ದೊರೆ. ನೂರಕ್ಕೂ ಹೆಚ್ಚು ಹುಡುಗಿಯರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ದನಿಯೂ ಸ್ವಲ್ಪ ಜೋರು. ಅವರು ಹಿಂದಿನಿಂದ ನನ್ನನ್ನು ಹೆಡ್ ಮಿಸ್ ಎನ್ನುತ್ತಿದ್ದರಂತೆ. ಬೇಸರವೇನೂ ಆಗಲಿಲ್ಲ. ಪಿಯುಸಿಗೆ ಓದು ನಿಲ್ಲಿಸಿದವಳಿಗೆ ಯಾರು ಹೆಡ್ ಮಿಸ್ ಎನ್ನುತ್ತಾರೆ?

ಅಲ್ಲಿ ಮೊದಲಿದ್ದ ಪುಸ್ತಕ ನೋಡಿ ನನಗೆ ನಗು ಬಂದಿತ್ತು. ಹೆಸರು, ಹೋದ ಸಮಯ, ಬಂದ ಸಮಯ. ಎಲ್ಲಿಗೆ ಎಂಬ ಕಡೆ ಎಲ್ಲರೂ ‘ಸಿಟಿ’ ಎಂದು ಗೀಚಿರುತ್ತಿದ್ದರು. ನಾನು ಸೇರಿದ ಎರಡನೇ ತಿಂಗಳು ಒಬ್ಬಳು ಹುಡುಗಿ ಸಂಜೆ ಏಳೂವರೆಯಾದರೂ ಬರಲಿಲ್ಲ, ಫೋನು ಹತ್ತಲಿಲ್ಲ. ಪುಸ್ತಕ ತೆಗೆದರೆ ‘ಸಿಟಿ’. ಮೈಸೂರು ಸಿಟಿಯಲ್ಲಿ ಯಾವ ಮೂಲೆ ಅಂತ ಹುಡುಕುವುದು? ವಾರ್ಡನ್ ಮೇಡಂ ಕೈಯಲ್ಲಿ ಜಪಮಾಲೆ ಹಿಡಿದು ಗೇಟಿಗೂ ಆಫೀಸಿಗೂ ಓಡಾಡಿದರು. ಎಂಟೂ ಕಾಲಿಗೆ ಹುಡುಗಿ ಆರಾಮಾಗಿ ಬಂದಳು. ಬಸ್ಸು ಕೆಟ್ಟಿತ್ತಂತೆ, ಫೋನಿನಲ್ಲಿ ಚಾರ್ಜ್ ಇರಲಿಲ್ಲವಂತೆ. ಅವಳಿಗೆ ಬೈದದ್ದಕ್ಕಿಂತ ಹೆಚ್ಚಾಗಿ ಆ ಪುಸ್ತಕಕ್ಕೆ ಬೈದೆ.

ಮಾರನೆಯ ದಿನ ಉದ್ದನೆಯ ಹೊಸ ಪುಸ್ತಕ ತರಿಸಿ, ಸ್ಟೀಲ್ ಸ್ಕೇಲು ಇಟ್ಟು, ನಾನೇ ಗೆರೆ ಎಳೆದೆ. ಬಲಗಡೆ ಪುಟ ಹುಡುಗಿಯರಿಗೆ. ಹೆಸರು, ರೂಮು, ಮೊಬೈಲ್ ನಂಬರು, ಹೋಗುವ ಜಾಗ, ಯಾವ ಬಸ್ಸು ಅಥವಾ ಯಾರ ಗಾಡಿ, ಎಷ್ಟಕ್ಕೆ ಹೋದದ್ದು, ಎಷ್ಟಕ್ಕೆ ಬರುವುದು. ಎಡಗಡೆ ಪುಟ ಹೊರಗಿನಿಂದ ಬರುವವರಿಗೆ. ಅವರ ಹೆಸರು, ನಂಬರು, ಯಾರನ್ನು ನೋಡಬೇಕು, ಏನು ಕೆಲಸ, ಕೊನೆಗೆ ಸಹಿ. ಎರಡೂ ಪುಟ ಎದುರು ಬದುರು. ಒಂದೇ ನೋಟಕ್ಕೆ ಯಾರು ಬಂದರು, ಯಾರು ಹೋದರು, ಇಬ್ಬರಿಗೂ ಏನಾದರೂ ಸಂಬಂಧವಿದೆಯೇ ಎಂದು ತಿಳಿಯಬೇಕು. ಕಾರ್ಖಾನೆಯಲ್ಲಿ ಮಾಲು ತಂದ ಲಾರಿಯನ್ನೂ ಗೇಟ್‌ಪಾಸನ್ನೂ ಹೀಗೇ ಅಕ್ಕಪಕ್ಕದಲ್ಲಿ ಬರೆಯುತ್ತಿದ್ದೆವು. ವಾರ್ಡನ್ ಮೇಡಂಗೆ ಎಷ್ಟು ಹಿಡಿಸಿತೆಂದರೆ, ಕಾಲೇಜಿನಿಂದ ಸುರಕ್ಷತಾ ಸಮಿತಿಯವರು ಬಂದಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು.

“ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯೋರು ಅಂದ್ರೆ ಇವ್ರೇ ಸಾರ್,” ಎಂದರು. ನಾನು ಅಂದು ಮನೆಗೆ ಹೋಗುವವರೆಗೂ ಉಬ್ಬಿಕೊಂಡೇ ಇದ್ದೆ.

ಹುಡುಗಿಯರು ಗೊಣಗಿದರು. “ಆಂಟಿ, ಪಾನಿಪುರಿ ತಿನ್ನಕ್ಕೆ ಹೋಗ್ತಿದೀನಿ, ಅದ್ನೂ ಬರೀಬೇಕಾ?”

“ಬರಿ. ಯಾವ ಗಾಡಿ ಹತ್ರ ಅಂತಾನೂ ಬರ್ದುಬುಟ್ಟು ಹೋಗು.”

ಒಂದು ತುಂಬಿದರೆ ಇನ್ನೊಂದಕ್ಕೆ ಗೆರೆ ಎಳೆಯುತ್ತಿದ್ದೆ. ಹೀಗೆ ಎರಡು ವರ್ಷ ಪುಸ್ತಕ ಗೇಟಿನ ಪಕ್ಕದ ಮೇಜಿನ ಮೇಲೆ ಸದಾ ಬಿಚ್ಚಿಕೊಂಡೇ ಇತ್ತು, ನಡುವೆ ದಾರ ಕಟ್ಟಿದ ಪೆನ್ನು.

ಗೊಣಗದೆ ಬರೆಯುತ್ತಿದ್ದವಳು ಒಬ್ಬಳು. ಕೊನೆಯ ವರ್ಷದ ಬಿಎಸ್ಸಿ ಹುಡುಗಿ, ಕೊಳ್ಳೇಗಾಲದ ಕಡೆಯವಳು. ಅಪ್ಪ ಸರಕು ಸಾಗಿಸುವ ಟೆಂಪೊ ಓಡಿಸುತ್ತಾನೆ, ಮನೆಯಲ್ಲಿ ಕಾಲೇಜಿಗೆ ಬಂದವಳು ಇವಳೇ ಮೊದಲು. ಗುಂಡಗಿನ ಅಕ್ಷರ, ಒಂದು ಕಾಗುಣಿತವೂ ತಪ್ಪುತ್ತಿರಲಿಲ್ಲ. ಬೇರೆಯವರಿಗೆ “ಇವಳ ಥರ ಬರೀರಮ್ಮ” ಎಂದು ಅವಳ ಸಾಲನ್ನೇ ಬೆರಳಿಟ್ಟು ತೋರಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಬಂದು ನನ್ನ ಕುರ್ಚಿಯ ಪಕ್ಕ ಸುಮ್ಮನೆ ನಿಂತಳು. ಹೊರಗೆ ಹೋಗುವ ಹಾಗಿರಲಿಲ್ಲ, ಕಾಲಲ್ಲಿ ಮನೆಯೊಳಗಿನ ಚಪ್ಪಲಿ. ಫೋನನ್ನು ನನ್ನ ಮುಂದೆ ಹಿಡಿದಳು. ಯಾವುದೋ ಗೊತ್ತಿಲ್ಲದ ನಂಬರಿನಿಂದ ಬಂದ ಮೆಸೇಜು. ಶನಿವಾರ ಲೈಬ್ರರಿಯಿಂದ ವಾಪಸ್ ಬರುವಾಗ ನೀನು ಬಸ್ಸಿನಲ್ಲಿ ಎಡಗಡೆ ಕಿಟಕಿಯ ಹತ್ತಿರ ಕೂತಿದ್ದೆ, ಹಸಿರು ಕುರ್ತಾ ಚೆನ್ನಾಗಿತ್ತು ಎಂದು ಬರೆದಿತ್ತು. ಅದರ ಕೆಳಗೆ ಇನ್ನೊಂದು ನಂಬರಿನಿಂದ ಇನ್ನೊಂದು. ಮುಂದಿನ ಶನಿವಾರವೂ ಮೂರು ಗಂಟೆಗೆ ಅಲ್ಲಿಗೇ ತಾನೆ ಹೋಗೋದು?

“ಎಷ್ಟು ದಿನದಿಂದ ಮಗಾ?”

“ಒಂದು ತಿಂಗ್ಳಾಯ್ತು ಆಂಟಿ. ಬ್ಲಾಕ್ ಮಾಡುದ್ರೆ ಬೇರೆ ನಂಬರಿಂದ ಬರತ್ತೆ. ನಾನು ಎಲ್ಲಿಗೋದ್ರೂ ಅವನಿಗೆ ಮುಂಚೇನೇ ಗೊತ್ತಿರತ್ತೆ.”

ನನಗೆ ಹೆದರಿಕೆಯಾದರೆ ಅದು ಮೊದಲು ಬೈಗುಳವಾಗಿಯೇ ಹೊರಗೆ ಬರುವುದು. “ನಂಬರ್ ಯಾರಿಗೆ ಕೊಟ್ಟಿದ್ದೆ ನೀನು? ನೀನು ಕೊಡದೆ ಅವನಿಗೆ ಎಂಗೆ ಸಿಕ್ತು?” ಎಂದೆ.

“ಯಾರಿಗೂ ಕೊಟ್ಟಿಲ್ಲ ಆಂಟಿ.”

“ಇನ್‌ಸ್ಟಾಗ್ರಾಮು ಗಿನ್‌ಸ್ಟಾಗ್ರಾಮು ಅಂತ ಫೋಟೋ ಹಾಕೋದು, ಆಮೇಲೆ ಅಳೋದು. ವಾರ್ಡನ್ ಮೇಡಂಗೆ ಹೇಳಣ ನಡಿ.”

ಅದಕ್ಕೆ ಅವಳು ನನ್ನ ಕೈ ಹಿಡಿದುಕೊಂಡಳು. ಮೇಡಂಗೆ ಹೇಳಿದರೆ ಅವರು ಮನೆಗೆ ಫೋನು ಮಾಡುತ್ತಾರೆ. ಅಪ್ಪ ಟೆಂಪೊ ತಂದು ಗೇಟಿನ ಮುಂದೆ ನಿಲ್ಲಿಸಿ, ಹಾಸಿಗೆ ಸುತ್ತಿಸಿಕೊಂಡು ಕರೆದುಕೊಂಡು ಹೋಗುತ್ತಾನೆ. ಪರೀಕ್ಷೆಗೆ ಇನ್ನು ಎರಡೂವರೆ ತಿಂಗಳಿತ್ತು. “ಓದು ಮುಗಿಸ್ಬುಡ್ತೀನಿ ಆಂಟಿ, ಆಮೇಲೆ ಏನಾದ್ರೂ ಆಗ್ಲಿ,” ಎಂದಳು. ಆ ಮಾತು ನನಗೆ ಚೆನ್ನಾಗಿ ನಾಟಿತು. ನಾನು ಹಾಸಿಗೆ ಸುತ್ತಿಕೊಂಡು ಹೋದವಳೇ.

ಹಾಗಾಗಿ ಮೇಡಂಗೆ ಹೇಳಲಿಲ್ಲ. ಬದಲಿಗೆ ನನಗೆ ತಿಳಿದ ಉಪಾಯ ಹೇಳಿಕೊಟ್ಟೆ. “ನೀನು ಇನ್ನೂ ಸರಿಯಾಗಿ ಬರಿ. ಯಾವ ರಸ್ತೆ, ಯಾವ ಅಂಗಡಿ, ಎಷ್ಟೊತ್ತು ಅಲ್ಲಿರ್ತೀಯ, ಎಲ್ಲಾ ಬರಿ. ಏನಾದ್ರೂ ಆದ್ರೆ ನಾನು ನೇರ ಅಲ್ಲಿಗೇ ಬಂದ್ಬುಡ್ತೀನಿ.”

ಅವಳು ನಂಬಿದಳು. ಅವಳ ಸಾಲುಗಳು ಅಂದಿನಿಂದ ಉದ್ದವಾದವು.

ನಾನೂ ಕಾವಲು ಬಿಗಿ ಮಾಡಿದೆ. ಹೆದರಿಕೆ ಒಮ್ಮೆ ಹೊಕ್ಕರೆ ಕಣ್ಣಿಗೆ ಕಾಣುವವರೆಲ್ಲ ಅವನೇ ಆಗಿಬಿಡುತ್ತಾರೆ. ಎದುರಿನ ಟೀ ಅಂಗಡಿಯಲ್ಲಿ ಎರಡು ಲೋಟ ಟೀ ಕುಡಿದವನ ಮೇಲೆ ಅನುಮಾನ. ನಿಂತ ಆಟೋಗಳ ನಂಬರನ್ನೆಲ್ಲ ಕೈ ಮೇಲೆ ಬರೆದುಕೊಳ್ಳುತ್ತಿದ್ದೆ. ಮೋರಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬನನ್ನು ಲಾಠಿ ತೋರಿಸಿ ಎಬ್ಬಿಸಿದೆ. ಪಾಪ, ಅವನು ನಮ್ಮ ಹಾಸ್ಟೆಲಿನ ಹುಡುಗಿಯ ಅಣ್ಣನೇ, ತಂಗಿಗೆ ಊರಿನಿಂದ ಚಕ್ಕುಲಿ ತಂದಿದ್ದ. ರಾತ್ರಿ ಬಸ್ಸಿನಲ್ಲಿ ಮನೆಗೆ ಹೋಗುವಾಗಲೂ ಹಿಂದೆ ಕೂತವರ ಮುಖ ತಿರುಗಿ ತಿರುಗಿ ನೋಡುತ್ತಿದ್ದೆ. ನನ್ನನ್ನು ಯಾರು ಹಿಂಬಾಲಿಸುತ್ತಾರೆ, ಐವತ್ತರ ಹತ್ತಿರದ ಮಂಡಿನೋವಿನ ಹೆಂಗಸನ್ನು? ಆದರೂ ನೋಡುತ್ತಿದ್ದೆ.

ಇಷ್ಟೆಲ್ಲ ಅನುಮಾನದ ನಡುವೆ ನಾನು ಒಮ್ಮೆಯೂ ತಿರುಗಿ ನೋಡದವನು ಒಬ್ಬನಿದ್ದ. ಪಾರ್ಸೆಲ್ ತರುವವನು. ಮೂವತ್ತರ ಆಸುಪಾಸಿನವನು, ಬೆನ್ನಿಗೆ ದೊಡ್ಡ ಚೀಲ, ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡೇ ಒಳಗೆ ಬರುವವನು. ಬೇರೆ ಡೆಲಿವರಿಯವರು ಪುಸ್ತಕದಲ್ಲಿ ಬರೆಯಿರಿ ಎಂದರೆ ಮೂತಿ ತಿರುವುತ್ತಿದ್ದರು, “ಟೈಮಿಲ್ಲ ಕಣಮ್ಮ” ಎಂದು ಗೇಟಿನೊಳಗೆ ಎಸೆದು ಹೋಗುತ್ತಿದ್ದರು. ಇವನು ಹಾಗಲ್ಲ. ಮೇಜಿನ ಮುಂದೆ ನಿಂತು, ಪೆನ್ನು ಹಿಡಿದು, ನಿಧಾನವಾಗಿ ಎಲ್ಲ ಕಾಲಂ ತುಂಬುತ್ತಿದ್ದ. “ಮಂಡಿ ನೋವು ಎಂಗಿದೆ ಅಕ್ಕಾ?” ಎಂದು ಕೇಳುತ್ತಿದ್ದ. ಇಂಥವರೂ ಇದ್ದಾರಲ್ಲ ಎಂದು ನಾನು ಅಡುಗೆಯವರ ಹತ್ತಿರ ಹೊಗಳಿದ್ದೆ.

ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಆ ಹುಡುಗಿ ಕೆನ್ನೆ ಹಿಡಿದುಕೊಂಡು ಅವಸರದಲ್ಲಿ ಹೊರಟಳು. ಬಾಯಿ ಬಿಡಲಾಗುತ್ತಿರಲಿಲ್ಲ, ಹೊರಗೆ ಬಸ್ಸು ಬಂದುಬಿಟ್ಟಿತ್ತು. “ನೀನು ಓಡು, ನಾನೇ ಬರ್ಕೋತೀನಿ,” ಎಂದೆ. ಹಿಂದಿನ ವಾರ ಆ ಹೊತ್ತಿಗೆ ಅವಳು ದೇವರಾಜ ಮಾರ್ಕೆಟ್ಟಿಗೆ ಹೋಗಿದ್ದು ನೆನಪಿತ್ತು. ಅದನ್ನೇ ಬರೆದೆ. ದೇವರಾಜ ಮಾರ್ಕೆಟ್, ಹೂವಿನ ಸಾಲು, ಐದೂವರೆಗೆ ವಾಪಸ್. ಖಾಲಿ ಬಿಡುವುದಕ್ಕಿಂತ ಏನಾದರೂ ಇರುವುದು ಮೇಲು ಎಂಬುದು ನಮ್ಮಂಥ ಗೇಟಿನವರ ಚಾಳಿ. ಅವಳು ಹೋಗಿದ್ದು ಹಲ್ಲಿನ ಡಾಕ್ಟರ ಹತ್ತಿರ ಎಂದು ಸಂಜೆ ತಿಳಿಯಿತು. ಊದಿದ ಕೆನ್ನೆಯಲ್ಲಿ ಬಂದವಳು ತನ್ನ ಹೆಸರಿನ ಸಾಲು ನೋಡಿದಳು, ನನ್ನನ್ನು ನೋಡಿದಳು, ಮೇಲೆ ಹೋದಳು.

ಮಾರನೆಯ ದಿನದಿಂದ ನನ್ನ ಜೊತೆ ಮಾತು ಬಿಟ್ಟಳು. ಬರುವಾಗ, ಹೋಗುವಾಗ ಪುಸ್ತಕದಲ್ಲಿ ಬರೆಯುತ್ತಿದ್ದಳು, ತಲೆ ಎತ್ತುತ್ತಿರಲಿಲ್ಲ. “ಮೆಸೇಜು ಇನ್ನೂ ಬರ್ತಿದಾವಾ?” ಎಂದು ಮೆಲ್ಲಗೆ ಕೇಳಿದರೆ, “ಇಲ್ಲ ಆಂಟಿ,” ಎಂದು ಹೊರಟುಬಿಡುತ್ತಿದ್ದಳು. ಮೊದಲ ದಿನ ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಂಡಳೇನೋ ಎಂದುಕೊಂಡೆ. ಸ್ವಲ್ಪ ಕೋಪವೂ ಬಂತು. ಇವಳಿಗಾಗಿ ನಾನು ನಿದ್ದೆಗೆಟ್ಟರೆ ಇವಳಿಗೆ ಇಷ್ಟು ಬಿಗುಮಾನವೇ?

ಹತ್ತು ದಿನ ಕಳೆದಿರಬೇಕು. ಮೂರು ಗಂಟೆಯ ಬಿಸಿಲು. ನಾನು ಬಾಟಲಿಗೆ ನೀರು ಹಿಡಿಯಲು ಗೇಟಿನ ಒಳಗಿನ ನಲ್ಲಿಯ ಹತ್ತಿರ ಹೋಗಿದ್ದೆ. ಅಲ್ಲಿಂದ ಮೇಜು ಪಕ್ಕದಿಂದ ಕಾಣುತ್ತದೆ, ಮೇಜಿನ ಮುಂದೆ ನಿಂತವರಿಗೆ ನಾನು ಕಾಣುವುದಿಲ್ಲ. ಪಾರ್ಸೆಲಿನವನು ಬಂದು ಪುಸ್ತಕದ ಮುಂದೆ ನಿಂತ. ಬಲಗೈಯಲ್ಲಿ ಪೆನ್ನು ಎಡಗಡೆ ಪುಟದ ಮೇಲಿತ್ತು. ಅದು ಅಲ್ಲಾಡುತ್ತಿರಲಿಲ್ಲ. ಎಡಗೈಯ ಬೆರಳು ಬಲಗಡೆ ಪುಟದ ಮೇಲೆ ಒಂದೊಂದೇ ಸಾಲು ಇಳಿಯುತ್ತಿತ್ತು. ಕೆಳಗಿನ ಒಂದು ಸಾಲಿನಲ್ಲಿ ನಿಂತಿತು. ಅವನ ತುಟಿಗಳು ಅಲುಗಿದವು, ಮಕ್ಕಳು ಮಗ್ಗಿ ಬಾಯಿಪಾಠ ಮಾಡುವ ಹಾಗೆ.

ಬಾಟಲಿ ತುಂಬಿ ನೀರು ನನ್ನ ಕೈ ಮೇಲೆ, ಬೂಟಿನ ಮೇಲೆ ಹರಿಯುತ್ತಿತ್ತು. ನೂರು ಹುಡುಗಿಯರನ್ನು ಗದರಿಸುವ ನನ್ನ ದನಿ ಬೇಕಾದಾಗ ಸತ್ತುಹೋಯಿತು. ನಾನು ಓಡಿ ಬರುವಷ್ಟರಲ್ಲಿ ಅವನು ಬೈಕು ತಿರುಗಿಸಿದ್ದ. ಬೆನ್ನಿನ ಚೀಲ ತುಂಬಿಯೇ ಇತ್ತು. ಒಂದು ಪಾರ್ಸೆಲನ್ನೂ ಕೊಟ್ಟಿರಲಿಲ್ಲ.

ಪುಸ್ತಕ ನೋಡಿದೆ. ಬಲಗಡೆಯ ಕೊನೆಯ ಸಾಲು, ಗುಂಡಗಿನ ಅಕ್ಷರ. ಮಂಡಿ ಮೊಹಲ್ಲಾ, ಪ್ರಾಜೆಕ್ಟ್ ಬೈಂಡಿಂಗ್ ಅಂಗಡಿ, ಮಸೀದಿ ಹಿಂದಿನ ಗಲ್ಲಿ, ಒಬ್ಬಳೇ, ಎರಡು ನಲವತ್ತಕ್ಕೆ ಹೋದದ್ದು, ಐದೂವರೆಗೆ ವಾಪಸ್. ಪಕ್ಕದಲ್ಲಿ ಅವಳ ಮೊಬೈಲ್ ನಂಬರು.

ಹಿಂದಿನ ಪುಟ ತಿರುಗಿಸಿದೆ. ಅದರ ಹಿಂದಿನದು. ಅವಳು ಲೈಬ್ರರಿಗೆ ಹೋದ ಶನಿವಾರ, ಎದುರಿನ ಪುಟದಲ್ಲಿ ಅವನ ಸಹಿ. ದೇವರಾಜ ಮಾರ್ಕೆಟ್ ಎಂದು ನಾನೇ ಬರೆದ ದಿನ, ಎದುರಿಗೆ ಅವನ ಸಹಿ. ಎಲ್ಲವೂ ಎದುರು ಬದುರು, ಒಂದೇ ನೋಟಕ್ಕೆ ಕಾಣುವ ಹಾಗೆ. ಅವಳು ಯಾರಿಗೂ ನಂಬರು ಕೊಟ್ಟಿರಲಿಲ್ಲ. ಕೊಟ್ಟವಳು ನಾನು. ದಿನಾ ಕೊಟ್ಟೆ, ಸ್ಕೇಲಿನಲ್ಲಿ ಗೆರೆ ಎಳೆದು ಕೊಟ್ಟೆ.

ಅವಳಿಗೆ ಫೋನು ಮಾಡಿದೆ. ರಿಂಗಾಗಿ ಕಟ್ಟಾಯಿತು. ಮತ್ತೆ ಮತ್ತೆ ಮಾಡಿದೆ. ಗೊತ್ತಿಲ್ಲದ ನಂಬರು ಎತ್ತಬೇಡ ಎಂದು ನಾನೇ ಹೇಳಿದ್ದೆ, ನನ್ನ ನಂಬರು ಅವಳಲ್ಲಿರಲಿಲ್ಲ. ವಾರ್ಡನ್ ಮೇಡಂ ಕಾಲೇಜಿನಲ್ಲಿ ಮೀಟಿಂಗಿಗೆ ಹೋಗಿದ್ದರು, ಅವರ ಫೋನೂ ಆಫ್. ಕಾವಲಿನವರು ಗೇಟು ಬಿಟ್ಟು ಹೋದರೆ ಕೆಲಸ ಅವತ್ತಿಗೇ ಮುಗಿಯಿತು, ಅದು ನಮ್ಮ ಸೆಕ್ಯುರಿಟಿ ಏಜೆನ್ಸಿಯ ಮೊದಲ ಮಾತು. ಅಡುಗೆಯವರನ್ನು ಕರೆದು ಗೇಟಿನಲ್ಲಿ ಕೂರಿಸಿ, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಆಟೋ ಹತ್ತಿದೆ. ಪುಸ್ತಕ ಯಾಕೆ ತೆಗೆದುಕೊಂಡೆ ಎಂದರೆ, ಇನ್ನೊಬ್ಬರು ನೋಡುವ ಹಾಗೆ ಅದನ್ನು ಮೇಜಿನ ಮೇಲೆ ಬಿಟ್ಟುಹೋಗಲು ಕೈ ಬರಲಿಲ್ಲ.

ದಾರಿಯುದ್ದಕ್ಕೂ ನಾನು ಏನು ನೋಡಿದೆನೋ ನನಗೆ ತಿಳಿಯದು. ಪ್ರತಿ ಸಿಗ್ನಲ್ಲಿನಲ್ಲೂ ಅವನು ನಮಗಿಂತ ಮುಂದೆ ಹೋಗುತ್ತಿದ್ದಾನೆ ಅನ್ನಿಸುತ್ತಿತ್ತು. “ಬೇಗ ಹೋಗಪ್ಪ, ಮಗು ಕಣಪ್ಪ,” ಎಂದು ಆಟೋದವನಿಗೆ ಹೇಳುತ್ತಲೇ ಇದ್ದೆ. ಅವನು ಆಸ್ಪತ್ರೆಯ ವಿಷಯ ಎಂದುಕೊಂಡನೇನೋ, ಹಾರನ್ ಒತ್ತಿ ಹಿಡಿದ.

ಮಂಡಿ ಮೊಹಲ್ಲಾದಲ್ಲಿ ಆ ಹೊತ್ತಿಗೆ ಲಾರಿಗಳಿಂದ ಮೂಟೆ ಇಳಿಸುತ್ತಿರುತ್ತಾರೆ. ಆಟೋ ಒಳಗೆ ಹೋಗಲಿಲ್ಲ. ಒಣಮೆಣಸಿನಕಾಯಿಯ ಘಾಟಿಗೆ ಕೆಮ್ಮುತ್ತ, ಕೈಗಾಡಿಗಳ ಸಂದಿಯಲ್ಲಿ ನುಸುಳಿಕೊಂಡು, ಕೇಳಿಕೊಂಡು ಗಲ್ಲಿ ಸೇರಿದೆ. ಅಷ್ಟು ಜನ. ಅಷ್ಟು ಜನರ ಮಧ್ಯೆ ಒಬ್ಬಳು ಹುಡುಗಿಯ ಕೈ ಯಾರಾದರೂ ಹಿಡಿದರೆ, ಅಣ್ಣನೋ ಗಂಡನೋ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಆ ಯೋಚನೆ ಬಂದ ಮೇಲೆ ಗೋಡೆ ಹಿಡಿದುಕೊಂಡೇ ಹೋದೆ.

ಬೈಂಡಿಂಗ್ ಅಂಗಡಿಯ ಎದುರು, ಬೈಕಿಗೆ ಒರಗಿ, ಹೆಲ್ಮೆಟ್ಟು ತೋಳಿಗೆ ಸಿಕ್ಕಿಸಿಕೊಂಡು ಅವನು ನಿಂತಿದ್ದ.

ನಾನು ಅವನನ್ನು ಕಾಣುವ ಮೊದಲೇ ಅವನು ನನ್ನನ್ನು ಕಂಡಿದ್ದ. ಯೂನಿಫಾರ್ಮಿನಲ್ಲಿದ್ದೆನಲ್ಲ. ಓಡಿಹೋಗಲಿಲ್ಲ, ಬೆದರಲಿಲ್ಲ. ದಿನಾ ನಗುವ ಅದೇ ನಗು ನಕ್ಕ.

“ಅಯ್ಯೋ, ಅಕ್ಕಾ! ನೀವೇನ್ ಇಲ್ಲಿ? ಮಂಡಿ ನೋವಲ್ಲಿ ಇಷ್ಟ್ ದೂರ ಬಂದ್ಬುಟ್ಟಿದೀರಾ?”

ಅವನ ಕಾಲರ್ ಹಿಡಿಯಬೇಕಿತ್ತು. ಬೀದಿಯ ಜನರನ್ನು ಕೂಗಿ ಸೇರಿಸಬೇಕಿತ್ತು. ಇಪ್ಪತ್ತು ಸಲ ಮನಸ್ಸಿನಲ್ಲಿ ಹಾಗೆ ಮಾಡಿದ್ದೇನೆ, ಆಮೇಲೆ. ಆಗ ಮಾತ್ರ ನಾನೂ ಹಲ್ಲು ಕಿರಿದೆ. “ಹೂಂ ಕಣಪ್ಪ, ಈ ಪುಸ್ತಕ ಬೈಂಡ್ ಮಾಡ್ಸಣ ಅಂತ,” ಎಂದೆ. ಅವನು ನನ್ನ ಕಂಕುಳಿನ ಪುಸ್ತಕ ನೋಡಿದ. ನನಗೆ ಹೆದರಿಕೆಯಾಗಿತ್ತು, ಬರೀ ಅವಳಿಗಾಗಿ ಅಲ್ಲ, ನನಗಾಗಿಯೂ. ನನಗೆ ಗೊತ್ತಾಯಿತೆಂದು ಇವನಿಗೆ ಗೊತ್ತಾದರೆ ನನ್ನನ್ನು ಏನು ಮಾಡುತ್ತಾನೆ ಎಂದು ಹೆದರಿದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಅದೇ.

ಅಂಗಡಿಯ ಒಳಗೆ ಹೋದೆ. ಗೋಂದಿನ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದ ವಯಸ್ಸಾದ ಸಾಹೇಬರನ್ನು ಪಿಸುಮಾತಿನಲ್ಲಿ ಕೇಳಿದೆ.

“ಇಲ್ಲಮ್ಮ, ಇವತ್ತು ಕಾಲೇಜ್ ಹುಡುಗಿ ಯಾರೂ ಬಂದಿಲ್ಲ,” ಎಂದರು. ನನ್ನ ಮುಖ ನೋಡಿ, “ಕೂತ್ಕೊಳಿ, ನೀರ್ ಕುಡೀರಿ,” ಎಂದು ಸ್ಟೂಲು ಎಳೆದರು.

ಬಂದಿಲ್ಲ. ಇನ್ನೂ ಬಂದಿಲ್ಲವೋ, ದಾರಿಯಲ್ಲೇ ಏನಾದರೂ ಆಯಿತೋ? ಎರಡು ನಲವತ್ತಕ್ಕೆ ಹೊರಟವಳು ನಾಲ್ಕಾಗುತ್ತ ಬಂದರೂ ಎಲ್ಲಿ? ಸ್ಟೂಲಿನ ಮೇಲೆ ಕೂತು ಬಾಗಿಲಿನಿಂದ ಅವನ ಬೆನ್ನು ನೋಡುತ್ತಿದ್ದೆ. ಅವನು ಗಲ್ಲಿಯ ತುದಿ ನೋಡುತ್ತಿದ್ದ. ಇಬ್ಬರೂ ಒಬ್ಬಳನ್ನೇ ಕಾಯುತ್ತಿದ್ದೆವು. ಅವಳು ಬರಬಾರದು ಎಂದು ನಾನು ಬೇಡಿಕೊಂಡೆ, ಬರದಿದ್ದರೆ ಎಲ್ಲಿದ್ದಾಳೆ ಎಂದು ಹೆದರಿದೆ. ಮುಕ್ಕಾಲು ಗಂಟೆಯ ಮೇಲೆ ಅವನು ಬೈಕು ಹತ್ತಿದ. ಹೋಗುವಾಗ ಅಂಗಡಿಯೊಳಗೆ ಇಣುಕಿ, “ಬರ್ತೀನಿ ಅಕ್ಕಾ,” ಎಂದ. ನಾನು ತಲೆಯಾಡಿಸಿದೆ.

ಹಾಸ್ಟೆಲಿಗೆ ಬಂದಾಗ ಐದೂವರೆ ದಾಟಿತ್ತು. ಗೇಟಿನಲ್ಲಿ ವಾರ್ಡನ್ ಮೇಡಂ ನಿಂತಿದ್ದರು. ಅವರ ಪಕ್ಕದಲ್ಲಿ ಅವಳು. ನನ್ನ ಹೋದ ಜೀವ ಬಂದಂತಾಯಿತು. “ಅಯ್ಯೋ ಮಗಾ!” ಎಂದು ಕೈ ಚಾಚಿ ಹೋದೆ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಸರಿದು ಮೇಡಂ ಬೆನ್ನಿನ ಹಿಂದೆ ನಿಂತುಕೊಂಡಳು.

ಅಂಥ ಕಣ್ಣನ್ನು ನಾನು ಯಾರಲ್ಲೂ ಕಂಡಿರಲಿಲ್ಲ. ಇಷ್ಟು ದಿನ ಅವಳು ಯಾರಿಗೆ ಹೆದರುತ್ತಿದ್ದಳೋ ಅವನನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದಳು.

ಮೇಡಂ ಅವಳ ಫೋನನ್ನು ನನ್ನ ಮುಂದೆ ಹಿಡಿದರು. ಫೋಟೋ. ಎತ್ತರದಿಂದ ತೆಗೆದದ್ದು. ಗಲ್ಲಿಯಲ್ಲಿ ಅವನು ನಗುತ್ತಿದ್ದಾನೆ, ಎದುರಿಗೆ ನಾನು ನಗುತ್ತಿದ್ದೇನೆ, ನನ್ನ ಕಂಕುಳಲ್ಲಿ ಹಾಸ್ಟೆಲಿನ ಪುಸ್ತಕ.

“ಏನಿದು? ಇವನ್ಯಾರು ನಿಮಗೆ?” ಎಂದರು.

ಮಾರ್ಕೆಟ್ಟು ಎಂದು ನಾನು ತಪ್ಪಾಗಿ ಬರೆದ ದಿನ ಸಂಜೆ ಅವಳಿಗೆ ಮೆಸೇಜು ಬಂದಿತ್ತಂತೆ. ಹೂವಿನ ಸಾಲಲ್ಲಿ ಅಷ್ಟು ಹೊತ್ತು ಕಾದೆ, ಯಾಕೆ ಬರಲಿಲ್ಲ ಎಂದು. ಅವಳು ಮಾರ್ಕೆಟ್ಟಿಗೆ ಹೋಗುತ್ತೇನೆಂದು ಲೋಕದಲ್ಲಿ ಯಾರಿಗೂ ಹೇಳಿರಲಿಲ್ಲ, ಹೋಗುವುದೂ ಇರಲಿಲ್ಲ. ಆ ಮಾತು ಇದ್ದದ್ದು ನನ್ನ ಕೈಬರಹದಲ್ಲಿ ಮಾತ್ರ. ಅಲ್ಲಿಗೆ ಅವಳಿಗೆ ಲೆಕ್ಕ ಸರಿಹೋಯಿತು, ಅವನಿಗೆ ಸುದ್ದಿ ಕೊಡುತ್ತಿರುವವಳು ನಾನೇ ಎಂದು. ಇವತ್ತು ಬೇಕೆಂದೇ ಸುಳ್ಳು ಬರೆದು, ಬೈಂಡಿಂಗ್ ಅಂಗಡಿಯ ಎದುರಿನ ಮಹಡಿಯಲ್ಲಿದ್ದ ಗೆಳತಿಯ ಅಪ್ಪನ ಜೆರಾಕ್ಸ್ ಅಂಗಡಿಯಲ್ಲಿ ಇಬ್ಬರೂ ಕಿಟಕಿಗೆ ಕೂತಿದ್ದರು, ಯಾರು ಬರುತ್ತಾರೆಂದು ನೋಡಲು. ಮೊದಲು ಅವನು ಬಂದ. ಆಮೇಲೆ ನಾನು ಬಂದೆ.

“ಫೋನ್ ಮಾಡಿದ್ನಲ್ಲಮ್ಮ ನಿಂಗೆ, ನಾಲ್ಕ್ ಸಲ,” ಎಂದೆ.

“ಹೊಸ ನಂಬರ್ ನೋಡಿ ಅವ್ನೇ ಅನ್ಕೊಂಡೆ,” ಎಂದಳು, ಮೇಡಂ ಬೆನ್ನಿನ ಹಿಂದಿನಿಂದಲೇ.

ನಾನು ಪುಸ್ತಕ ತೆಗೆದು ಗೇಟಿನ ಮೇಜಿನ ಮೇಲೆ ಬಿಚ್ಚಿದೆ. ಪೆನ್ನು ಹಿಡಿದು ಎಡಗಡೆ ಪುಟದ ಮೇಲೆ ಬಗ್ಗಿ, ಅವನು ಹೇಗೆ ನಿಂತಿದ್ದನೋ ಹಾಗೇ ನಿಂತು ತೋರಿಸಿದೆ. ಎಡಗೈ ಬೆರಳಿಟ್ಟು ಓದಿ ತೋರಿಸಿದೆ. ಅವಳ ಹೆಸರು, ಅವಳ ರೂಮು, ಅವಳ ನಂಬರು. ಮೇಡಂ ಕುರ್ಚಿಯಲ್ಲಿ ಕುಸಿದು ಕೂತರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು.

“ಅವನು ಹಿಂಬಾಲಿಸ್ತಾ ಇದ್ದ ಅಂತ ಕಂಪ್ಲೇಂಟ್ ಕೊಡೋಣ. ಪುಸ್ತಕದ ವಿಷ್ಯ ಬೇಡ. ನೂರು ಮನೆಯವರು ನಾಳೆ ಬಂದು ಹುಡುಗೀರನ್ನ ಕರ್ಕೊಂಡು ಹೊರಟ್ಬಿಡ್ತಾರೆ. ನಿಮ್ಮ ಕೆಲ್ಸಾನೂ ಹೋಗತ್ತೆ.”

ಒಂದು ಗಳಿಗೆ ನನಗೂ ಅದು ಸರಿಯೆನ್ನಿಸಿತು. ಸುಳ್ಳು ಹೇಳಲಾರೆ. ಮನೆಯ ಅಕ್ಕಿ ಬೇಳೆ ಕಣ್ಣ ಮುಂದೆ ಬಂದು ಹೋಯಿತು. ಆದರೆ ಪುಸ್ತಕದ ಮಾತು ತೆಗೆಯದಿದ್ದರೆ ಪೊಲೀಸರು ಇವಳನ್ನು ಮೊದಲು ಕೇಳುವುದು ಏನು? ನಂಬರ್ ಯಾರಿಗೆ ಕೊಟ್ಟಿದ್ದೆ ಎಂದು. ನಾನೇ ಕೇಳಿದ್ದೆನಲ್ಲ.

“ಪುಸ್ತಕ ತಗೊಂಡೇ ಹೋಗಣ ಮೇಡಂ. ಬರ್ದೋಳು ನಾನು, ನಾನೇ ಹೇಳ್ತೀನಿ,” ಎಂದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಎರಡು ದಿನದಲ್ಲಿ ಅವನನ್ನು ಹಿಡಿದರು, ಅವನ ಹತ್ತಿರ ಮೂರು ಸಿಮ್ಮು ಸಿಕ್ಕವಂತೆ. ನನ್ನ ಕೆಲಸ ಹೋಯಿತು, ಗೇಟು ಬಿಟ್ಟು ಹೋಗಿದ್ದಕ್ಕೆ. ಅವಳ ಅಪ್ಪ ಬಂದ, ಮೇಡಂ ಕಾಲು ಗಂಟೆ ಕೈಮುಗಿದು ಮಾತಾಡಿದ ಮೇಲೆ ಟೆಂಪೊ ಖಾಲಿಯೇ ವಾಪಸ್ ಹೋಯಿತು. ಅವಳು ಪರೀಕ್ಷೆ ಬರೆದಳು ಎಂದು ಆಮೇಲೆ ಅಡುಗೆಯವರಿಂದ ತಿಳಿಯಿತು. ಇಷ್ಟಾದರೂ ಇವತ್ತಿಗೂ ನನಗೆ ಬೆಳಗಿನ ಜಾವ ಎಚ್ಚರವಾಗುವುದು ಅವನ ನೆನಪಿನಿಂದಲ್ಲ. ಅಂದು ಸಂಜೆ ಠಾಣೆಯಲ್ಲಿ ಅವಳು ಕೇಳಿದ ಒಂದು ಮಾತಿನಿಂದ.

ಠಾಣೆಯಲ್ಲಿ ಮಹಿಳಾ ಅಧಿಕಾರಿ ಒಬ್ಬರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡರು. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿ, ಅವನ ಸಹಿಗಳಿರುವ ಕಡೆ ಚೀಟಿ ಇಡಲು ನನಗೆ ಹೇಳಿ, ಇನ್ನೊಂದು ಕೋಣೆಗೆ ಎದ್ದು ಹೋದರು. ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು, ಅವಳು ಮೇಡಂನ ಆ ಕಡೆ, ನಾನು ಈ ಕಡೆ. ಬೈಕು ಕಳೆದುಕೊಂಡವನೊಬ್ಬ ದೂರು ಕೊಡಲು ಬಂದು ಮೇಜಿನ ಪಕ್ಕ ಕಾಯುತ್ತ ನಿಂತಿದ್ದ. ಕೆಟ್ಟವನೇನಲ್ಲ, ಬೇಸರಕ್ಕೆ ಅತ್ತಿತ್ತ ನೋಡುತ್ತಿದ್ದವನು. ಅವನ ಕಣ್ಣು ಹಾಗೇ ಜಾರಿ ಬಿಚ್ಚಿದ ಪುಟದ ಮೇಲೆ ಬಿತ್ತು. ತಲೆ ಸ್ವಲ್ಪ ಓರೆ ಮಾಡಿ ಓದತೊಡಗಿದ.

ಅವಳು ಎದ್ದು ಹೋಗಿ, ಎರಡೂ ಕೈಯಿಂದ ಪುಸ್ತಕ ಮುಚ್ಚಿ, ಅದರ ಮೇಲೆ ಅಂಗೈ ಊರಿ ನಿಂತಳು. ಆ ಸಂಜೆ ಮೊದಲ ಸಲ ನೇರವಾಗಿ ನನ್ನ ಮುಖ ನೋಡಿದಳು.

“ಅವ್ನೊಬ್ನೇ ಅಲ್ಲ ಅಲ್ವಾ ಆಂಟಿ? ಎರಡು ವರ್ಷ ಬಿಚ್ಕೊಂಡೇ ಇತ್ತಲ್ಲ. ನಮ್ದೆಲ್ಲ ಎಷ್ಟ್ ಜನ ಓದಿರ್ತಾರೆ?”

ನಲ್ಲಿ ರಿಪೇರಿಯವನು, ಗ್ಯಾಸಿನವನು, ಪೇಪರಿನವನು, ಯಾರಯಾರದೋ ಮಾವಂದಿರು, ಅಣ್ಣನೆಂದು ಹೇಳಿಕೊಂಡು ಬಂದವರು. ಎಲ್ಲರನ್ನೂ ನಿಲ್ಲಿಸಿ, ಪೆನ್ನು ಕೊಟ್ಟು, ಬಗ್ಗಿಸಿ ಬರೆಸಿದ್ದೆ. ಬರೆಯದೆ ಒಬ್ಬರನ್ನೂ ಒಳಗೆ ಬಿಟ್ಟಿರಲಿಲ್ಲ.

“ಎಡಗಡೆ ಪುಟದಲ್ಲಿ ಹೆಸ್ರಿರೋರೆಲ್ಲಾ ಕಣಮ್ಮ,” ಎಂದೆ.

ಅಧಿಕಾರಿ ವಾಪಸ್ ಬಂದು ಪುಸ್ತಕ ಕೊಡಮ್ಮ ಎಂದು ಎರಡು ಸಲ ಕೇಳಿದರು. ಅವಳು ಕೈ ತೆಗೆಯಲಿಲ್ಲ.